ಕಂತು ಮೊದಲೋ, ದಶಮಾಂಶ ಮೊದಲೋ?

ಹೋದ ವಾರ ಒಬ್ಬ ಅಕ್ಕ ಕೇಳಿದರು, "ಪಾಸ್ಟರ್, ಕೈಲಿರೋ ದುಡ್ಡು ಒಂದಕ್ಕೇ ಸಾಲೋದು. ಸಂಘದ ಕಂತು ಕಟ್ಟಲಾ, ದಶಮಾಂಶ ಕೊಡಲಾ?"

ಪ್ರಿಯರೇ, ತಪ್ಪಾಗಿದ್ದು ಅದಕ್ಕೂ ಮುಂಚೆ. ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲೇ ಶುರುವಾಯಿತು. ತಿಂಗಳಿಗೆ 2,000 ರೂಪಾಯಿ, ಒಳ್ಳೇದೇ. ಆದರೆ ಮಂಡಿ ಮೊಹಲ್ಲಾದಲ್ಲಿ ನಾವು ಎಷ್ಟೋ ಜನ, ಅದು ಅಕೌಂಟಿಗೆ ಬೀಳೋ ಮುಂಚೆನೇ ಅದನ್ನ ನಂಬಿ ಸಾಲ ಎತ್ತಿರ್ತೀವಿ. ಆ ದುಡ್ಡು ತಡವಾಗಬಹುದು, ಕಂತು ತಡವಾಗಲ್ಲ. ಕೈಗೆ ಬಾರದ್ದನ್ನ ತಿಂಗಳ ಲೆಕ್ಕದಲ್ಲಿ ಬರೀಬೇಡಿ. ಲೂಕ 14ರಲ್ಲಿ ಗೋಪುರದ ಸಾಮ್ಯ ಓದಿ. ಕೂತು ಲೆಕ್ಕ ಹಾಕೋದು ಅಪನಂಬಿಕೆ ಅಲ್ಲ.

ಅಕ್ಕನಿಗೆ, "ಕಂತು ಕಟ್ಟಿ. ಇನ್ನೊಬ್ಬರಿಗೆ ಸೇರಬೇಕಾದ ದುಡ್ಡನ್ನ ದೇವರಿಗೆ ಕಾಣಿಕೆ ಅಂತ ಕೊಡೋಕಾಗಲ್ಲ" ಅಂದೆ. ಈ ಹಾಲಿನ ಬಾಡಿಗೆನೂ ನಿಮ್ಮ ಕಾಣಿಕೆಯಿಂದಲೇ ಹೋಗೋದು, ನನಗೆ ಗೊತ್ತು. ಆದರೂ ನಿಮಗೂ ಅದನ್ನೇ ಹೇಳ್ತೀನಿ.