ಕರಡಿಗೆ ಮತ್ತು ಬಗಲಚೀಲ

ಒಂದು ವಸ್ತುವನ್ನು ಜೀವದಂತೆ ಕಾಯುವುದು ನಿಷ್ಠೆಯೋ, ಮೋಹವೋ? ಬೀದರ ಜಿಲ್ಲೆಗೆ ಇದು ಹೊಸ ಪ್ರಶ್ನೆಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿನ ಕಲ್ಯಾಣದ ಶರಣರು ದೇವರನ್ನು ಗುಡಿಯಿಂದ ಅಂಗೈಗೆ ತಂದಾಗ, ಕಾಯುವ ಹೊಣೆಯೂ ಭಕ್ತರ ಪಾಲಿಗೆ ಬಂತು. ಗುಡಿಯ ದೇವರಿಗೆ ಗೋಡೆಯುಂಟು, ಬಾಗಿಲುಂಟು, ಪೂಜಾರಿಯುಂಟು. ಹೊಲಕ್ಕೂ ಸಂತೆಗೂ ಜೊತೆಗೇ ಬರುವ ಇಷ್ಟಲಿಂಗಕ್ಕೆ ಹೊತ್ತವರ ಮೈಯೇ ಆಸರೆ. ಹಾಗಾಗಿ ಲಿಂಗಕ್ಕೆ ವಸ್ತ್ರ, ವಸ್ತ್ರಕ್ಕೆ ಕರಡಿಗೆ, ಕರಡಿಗೆಗೆ ಶಿವದಾರ.

ಎಲ್ಲಿ ಹೊರಬೇಕೆಂಬುದಕ್ಕೂ ಕಟ್ಟಳೆಯಿದೆ. ತಲೆ, ಕೊರಳು, ಕಂಕುಳು, ಎದೆ, ಹೊಟ್ಟೆ, ಅಂಗೈ ಎಂದು ವೀರಶೈವ ಗ್ರಂಥ ‘ಸಿದ್ಧಾಂತ ಶಿಖಾಮಣಿ’ ಜಾಗಗಳನ್ನು ಹೆಸರಿಸಿ, ಹೊಕ್ಕಳಿಗಿಂತ ಕೆಳಗೆ ಕೂಡದು ಎನ್ನುತ್ತದೆ. ಮೈಮರೆತು ಲಿಂಗವನ್ನು ನೆಲಕ್ಕೆ ಬೀಳಿಸಿದವನು ಪ್ರಾಣವನ್ನೇ ಬಿಡಬೇಕೆಂಬ ಕಠೋರ ಮಾತೂ ಅದರಲ್ಲಿದೆ.

ಮೈಲೂರಿನಿಂದ ಬೈಕಿನಲ್ಲಿ ಅಷ್ಟೂರಿನ ಬಹಮನಿ ಗುಮ್ಮಟಗಳತ್ತ ಹೊರಟ ಛಾಯಾಗ್ರಾಹಕನ ಬಗಲಚೀಲಕ್ಕೂ ಇಂಥದೇ ಕಟ್ಟಳೆಗಳು ಬೇಕು. ಒಳಗಿರುವುದು 120 ರೀಲಿನ ಯಾಶಿಕಾ ಮ್ಯಾಟ್ 124 ಜಿ ಎಂದುಕೊಳ್ಳೋಣ. 1970ರಲ್ಲಿ ಬಂದ, ಕಿಲೋಗೆ ತುಸು ಮೇಲೆ ತೂಗುವ, ರೀಲಿಗೆ ಹನ್ನೆರಡೇ ಚಿತ್ರ ಕೊಡುವ ಕ್ಯಾಮೆರಾ. ಅದಕ್ಕೆ ಎರಡು ಲೆನ್ಸು: ಮೇಲಿನದು ನೋಡಲು, ಕೆಳಗಿನದು ಚಿತ್ರ ತೆಗೆಯಲು. ಚೀಲ ಎಲ್ಲಿಗಾದರೂ ಬಡಿದು ಲೆನ್ಸುಗಳಿರುವ ಮುಂದಿನ ತಟ್ಟೆ ಕೂದಲೆಳೆಯಷ್ಟು ಸೊಟ್ಟಗಾದರೂ ಸಾಕು, ಕಣ್ಣಿಗೆ ಸ್ಪಷ್ಟವಾಗಿ ಕಂಡದ್ದು ಫಿಲ್ಮಿನ ಮೇಲೆ ಮಸುಕು. ಅದಕ್ಕೇ ಪಟ್ಟಿಯನ್ನು ಅಡ್ಡಹೆಗಲಿಗೆ ಹಾಕಿ ಗಿಡ್ಡ ಮಾಡಿಕೊಳ್ಳಬೇಕು. ಚೀಲ ಸೊಂಟಕ್ಕಿಂತ ಕೆಳಗೆ ಜೋತಾಡಬಾರದು. ಸುತ್ತ ದಪ್ಪ ಫೋಮ್ ಇರಬೇಕು, ಕ್ಯಾಮೆರಾದ ಮೇಲಿನ ಮುಚ್ಚಳ ಮಡಚಿರಬೇಕು, ಬೀದರಿನ ಕೆಂಪು ಧೂಳು ನುಸುಳದಂತೆ ಜಿಪ್ ಎಳೆದಿರಬೇಕು. ತೆಗೆದ ರೀಲನ್ನು ಕಾಗದದ ಪಟ್ಟಿಯಿಂದ ಬಿಗಿದು, ಬಿಸಿಲು ತಾಗದ ಒಳಜೇಬಿಗೆ ಸೇರಿಸಬೇಕು.

ಇಷ್ಟೆಲ್ಲ ಜತನ ಮೋಹವಾಗುವುದು ಯಾವಾಗ?

ಕ್ಯಾಮೆರಾದ ಯಂತ್ರವೇ ಇದಕ್ಕೆ ಒಂದು ಉತ್ತರ ಕೊಡುತ್ತದೆ. ಹಾಳಾದೀತೆಂದು ಚರ್ಮದ ಕವಚದಲ್ಲಿ ಮುಚ್ಚಿ ಬೀರುವಿನಲ್ಲಿಟ್ಟರೆ, ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಫಂಗಸ್ ಹಬ್ಬುತ್ತದೆ. ವರ್ಷಗಟ್ಟಲೆ ಒತ್ತದ ಷಟರಿನ ಎಣ್ಣೆ ಅಂಟಾಗಿ, ನಿಧಾನದ ವೇಗಗಳು ಮೊದಲು ಕೈಕೊಡುತ್ತವೆ. ಅತಿಯಾಗಿ ಕಾಯುವುದರಿಂದಲೇ ಅದು ಕೆಡುತ್ತದೆ. ಇಷ್ಟಲಿಂಗವೂ ಕರಡಿಗೆಯಲ್ಲೇ ಉಳಿಯಬೇಕಾದದ್ದಲ್ಲ. ದಿನವೂ ಎಡ ಅಂಗೈಗೆ ಬಂದು, ದಿಟ್ಟಿಸುವ ಕಣ್ಣಿಗೆ ಎದುರಾಗಬೇಕು. ಯಾಶಿಕಾದವನೂ ಕ್ಯಾಮೆರಾವನ್ನು ಎದೆಯ ಕೆಳಗೆ ಹಿಡಿದು, ತಲೆ ಬಾಗಿಸಿ, ಗಾಜಿನ ಮೇಲೆ ಬಿದ್ದ ಬಿಂಬವನ್ನು ನೋಡುತ್ತಾನೆ. ಇಬ್ಬರಿಗೂ ಹೊದಿಕೆ ಬೇಕಾದದ್ದು ಬಿಚ್ಚಿ ನೋಡುವ ಗಳಿಗೆಗಾಗಿ.

ಕನ್ನಡ ಕಲಿಸುವುದು ಕಷ್ಟವಾಗಿದ್ದ ನಿಜಾಮರ ಕಾಲದಲ್ಲಿ ಇದೇ ಜಿಲ್ಲೆಯ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಆ ಬೋರ್ಡೂ ಒಂದು ಕವಚವೇ. ಒಳಗೆ ಮಕ್ಕಳು ದಿನವೂ ಅಕ್ಷರ ತಿದ್ದುತ್ತಿದ್ದರೆಂಬುದೇ ಅದಕ್ಕಿದ್ದ ಸಮರ್ಥನೆ.

ಹೊತ್ತದ್ದನ್ನು ಇಳಿಸುವುದು ಯಾವಾಗ ಎಂಬಲ್ಲಿ ಮಾತ್ರ ಲಿಂಗದ ಮತ್ತು ಕ್ಯಾಮೆರಾದ ದಾರಿಗಳು ಕವಲೊಡೆಯುತ್ತವೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಚಿತ್ರ ತೆಗೆದ ಹ್ಯಾಸಲ್‌ಬ್ಲಾಡ್ ಕ್ಯಾಮೆರಾವನ್ನು ಅಲ್ಲೇ ಬಿಟ್ಟು, ಫಿಲ್ಮಿನ ಮ್ಯಾಗಜೀನನ್ನು ಮಾತ್ರ ಭೂಮಿಗೆ ತಂದರು. ಅವರಿಗೆ ಬೇಕಾಗಿದ್ದುದು ಬಿಂಬ. ಲಿಂಗಾಯತರಲ್ಲಿ ಲಿಂಗೈಕ್ಯರಾದವರನ್ನು ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು ಸಮಾಧಿ ಮಾಡುತ್ತಾರೆ. ಅಲ್ಲಿ ಲಿಂಗ ಯಾವುದೋ ಫಲ ಪಡೆಯುವ ಸಾಧನವಲ್ಲ, ಆದ್ದರಿಂದ ಕೆಲಸ ಮುಗಿಯಿತೆಂದು ಬಿಟ್ಟುಬಿಡುವ ಮಾತೂ ಇಲ್ಲ. ಕ್ಯಾಮೆರಾ ಸಾಧನವೇ. ಅಷ್ಟೂರಿನ ದಾರಿಯಲ್ಲಿರುವವನು ಅದನ್ನು ಮಣ್ಣಿಗೆ ಒಯ್ಯಲಾರ. ಎಂದಾದರೂ ಇನ್ನೊಬ್ಬರ ಹೆಗಲಿಗೆ ದಾಟಿಸಲೇಬೇಕು. ಅಲ್ಲಿಯವರೆಗೆ ಆಗಾಗ ಒಂದು ರೀಲು ಹಾಕಿ, ಒಂದು ಸೆಕೆಂಡಿನ ಷಟರನ್ನೂ ಒತ್ತಿ ನೋಡುವ ಕೆಲಸ ಅವನದು.