ಗೇಟಿನಲ್ಲಿ ಕೂತಿರುವವರ ಹೆಸರೇನು?

ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ತೆಗೆಯಿರಿ. ಮೊಬೈಲ್‌ನಲ್ಲಿ ಓದುವವರು ದಯವಿಟ್ಟು ವಾಟ್ಸಾಪ್ ಕಡೆ ಹೋಗಬೇಡಿ.

ಮೊದಲು ನನ್ನ ಒಂದು ತಪ್ಪನ್ನು ಒಪ್ಪಿಕೊಳ್ತೀನಿ. ನಾನು ಬಾಡಿಗೆಗಿರುವ ಅಪಾರ್ಟ್‌ಮೆಂಟ್ ಗೇಟಿನಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ ಅಣ್ಣ ಒಬ್ಬರಿದ್ದಾರೆ. ರಾಯಚೂರು ಕಡೆಯವರು. ಎರಡು ವರ್ಷದಿಂದ ನನಗೆ ಗೇಟ್ ತೆಗೆಯುತ್ತಿದ್ದರು. ಒಂದು ಭಾನುವಾರ ಸುವಾರ್ತೆಯ ಉತ್ಸಾಹದಲ್ಲಿ, ಬೈಕಿನಿಂದ ಇಳಿಯದೆಯೇ ಅವರ ಕೈಗೆ ಕರಪತ್ರ ಕೊಟ್ಟು, "ಓದಿ ಅಣ್ಣಾ" ಅಂತ ಹೇಳಿ ಹೊರಟುಬಿಟ್ಟೆ. ಮಾರನೇ ದಿನ ಅದನ್ನು ಜೇಬಿನಲ್ಲಿ ಮಡಚಿಟ್ಟುಕೊಂಡು ಕಾಯ್ತಾ ಇದ್ದರು. "ಸರ್, ನನಗ ಓದಾಕ ಬರಂಗಿಲ್ರಿ. ಇದರಾಗ ಏನೈತಿ, ಹೇಳ್ತೀರೇನ್ರಿ?"

ನಾನು ಏನು ಹೇಳಿದೆ ಗೊತ್ತಾ? "ಅಣ್ಣಾ, ಆನ್‌ಲೈನ್ ಪ್ರಾರ್ಥನೆ ಇದೆ, ಆಮೇಲೆ ಹೇಳ್ತೀನಿ." ಆ ಪ್ರಾರ್ಥನೆಯ ವಿಷಯ ಏನು? ನಮ್ಮ ನಗರದ ಆತ್ಮಗಳ ರಕ್ಷಣೆ! ಲಿಫ್ಟ್‌ನಲ್ಲಿ ಹೋಗುವಾಗ ಪವಿತ್ರಾತ್ಮನು ನನ್ನ ಹೃದಯದಲ್ಲಿ ಒಂದೇ ಪ್ರಶ್ನೆ ಕೇಳಿದನು: ಅವರ ಹೆಸರೇನು? ನನಗೆ ಗೊತ್ತಿರಲಿಲ್ಲ.

ಈಗ ವಾಕ್ಯಕ್ಕೆ ಬರೋಣ. ಫಿಲಿಪ್ಪಿ ಮಕೆದೋನ್ಯದ ದೊಡ್ಡ ಪಟ್ಟಣ. ಅಲ್ಲಿ ಪೌಲನು ಮೂರು ರೀತಿಯ ಜನರನ್ನು ಸಂಧಿಸುತ್ತಾನೆ.

ಮೊದಲನೆಯವಳು ಲುದ್ಯ. ಥುವತೈರದವಳು, ಬೆಲೆಬಾಳುವ ಬಟ್ಟೆಯ ವ್ಯಾಪಾರಿ, ಸ್ವಂತ ಮನೆ ಇರುವವಳು. ಸಬ್ಬತ್ ದಿನ ಹೊಳೆಯ ಬಳಿ ಪೌಲನು ಹೆಂಗಸರ ಜೊತೆ ಕೂತು ಮಾತಾಡಿದ. ಆಕೆಯ ಹೃದಯವನ್ನು ತೆರೆದವನು ಯಾರು? ಪೌಲನಲ್ಲ, ಕರ್ತನು.

ಎರಡನೆಯವಳು ಕಣಿ ಹೇಳುವ ದಾಸಿ ಹುಡುಗಿ. ಯಜಮಾನರಿಗೆ ಆಕೆ ಬರೀ ಆದಾಯ. ಆಕೆಗೆ ಪೌಲನು ಪ್ರಸಂಗ ಮಾಡಲಿಲ್ಲ, ಯೇಸುವಿನ ಹೆಸರಿನಲ್ಲಿ ಬಿಡುಗಡೆ ಮಾಡಿದ. ಅದಕ್ಕಾಗಿ ಪೆಟ್ಟು ತಿಂದ.

ಮೂರನೆಯವನು ಸೆರೆಮನೆಯ ಯಜಮಾನ, ಸರ್ಕಾರಿ ನೌಕರ. ಪೌಲ ಸೀಲರ ಕಾಲುಗಳಿಗೆ ಕೋಳ ಹಾಕಿದವನೇ ಅವನು. ಮಧ್ಯರಾತ್ರಿ ಭೂಮಿ ನಡುಗಿತು, ಬಾಗಿಲುಗಳು ತೆರೆದವು. ಕೈದಿಗಳು ಓಡಿಹೋದರು ಅಂದುಕೊಂಡು ಅವನು ಕತ್ತಿ ಹಿರಿದು ಸಾಯಲು ಹೊರಟ. ಪೌಲನು ಓಡಿಹೋಗಬಹುದಿತ್ತು, ಹೋಗಲಿಲ್ಲ. ಕೂಗಿ ಅವನ ಜೀವ ಉಳಿಸಿದ. ಸುವಾರ್ತೆ ಆಮೇಲೆ ಬಂತು.

ಗಮನಿಸಿ ಪ್ರಿಯರೇ, ಸುವಾರ್ತೆ ಒಂದೇ, ಆದರೆ ಒಬ್ಬಳ ಜೊತೆ ಕೂತ, ಒಬ್ಬಳಿಗಾಗಿ ಪೆಟ್ಟು ತಿಂದ, ಒಬ್ಬನಿಗಾಗಿ ನಿಂತ. ಮೂವರನ್ನೂ ಪೌಲನು ಮೊದಲು ಮನುಷ್ಯರಾಗಿ ನೋಡಿದ. ನಾನು ಕೊಟ್ಟದ್ದು ಕಾಗದ, ಪೌಲನು ಕೊಟ್ಟದ್ದು ತನ್ನನ್ನೇ.

ಇನ್ನೊಂದು ಮಾತು. ಆ ದಾಸಿ ಹುಡುಗಿ ಸಭೆಗೆ ಸೇರಿದಳಾ? ವಾಕ್ಯ ಹೇಳುವುದಿಲ್ಲ. ಆದರೂ ಆಕೆಯ ಬಿಡುಗಡೆ ವ್ಯರ್ಥವಲ್ಲ. ಸಂಖ್ಯೆ ಎಣಿಸುವುದು ನಮ್ಮ ಕೆಲಸವಲ್ಲ. ನಮ್ಮ ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಹಂಚಿಕೊಳ್ಳುವ ಹಕ್ಕನ್ನು ಕೊಟ್ಟಿದೆ, ಅದೇ ವಿಧಿ ಎದುರಿಗಿರುವವರ ಮನಸ್ಸಾಕ್ಷಿಗೂ ಸ್ವಾತಂತ್ರ್ಯ ಕೊಟ್ಟಿದೆ. ಆಮಿಷ ಬೇಡ, ಒತ್ತಾಯ ಬೇಡ, ಇನ್ನೊಬ್ಬರ ದೇವರನ್ನು ಹೀಯಾಳಿಸುವುದಂತೂ ಬೇಡವೇ ಬೇಡ. ಕೇಳಿದವರಿಗೆ ಸಾತ್ವಿಕತೆಯಿಂದ, ಗೌರವದಿಂದ ಉತ್ತರ ಕೊಡಿ ಅಂತಲೇ ಪೇತ್ರನು ತನ್ನ ಮೊದಲ ಪತ್ರಿಕೆಯ 3ನೇ ಅಧ್ಯಾಯದಲ್ಲಿ ಕಲಿಸುತ್ತಾನೆ.

ಮರುದಿನ ರಾತ್ರಿ ನಾನು ಕೆಳಗೆ ಹೋಗಿ, ಮೊದಲು ಕ್ಷಮೆ ಕೇಳಿ, ಹೆಸರು ಕೇಳಿದೆ. ಇಬ್ಬರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟೀ ಕುಡಿದೆವು. ಲೂಕ 15ರ ಕಳೆದುಹೋದ ಕುರಿಯ ಕಥೆ ಹೇಳಿದೆ. ಅಣ್ಣ ನಕ್ಕು ಹೇಳಿದರು: "ನಾ ಸಣ್ಣಾಂವ ಇದ್ದಾಗ ಕುರಿ ಕಾದೀನ್ರಿ. ತಪ್ಪಿಸಿಕೊಂಡ ಕುರಿ ಹೆದರಿ ಕುಂತುಬಿಡ್ತೈತಿ, ನಡಿಯಂಗಿಲ್ಲ. ಹೆಗಲಮ್ಯಾಗ ಹೊತ್ಕೊಂಡೇ ಬರಬೇಕ್ರಿ." ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡಿದವನು ನಾನು, ಆದರೆ ಆ ಕುರುಬನ ಹೆಗಲಿನ ಭಾರ ನನಗೆ ಅರ್ಥವಾದದ್ದು ಅವತ್ತು. ನಾನು ಕಲಿಸಲು ಹೋಗಿದ್ದೆ, ದೇವರು ಅವರಿಂದ ನನಗೇ ಕಲಿಸಿದನು.

ಅವರು ಇನ್ನೂ ಸಭೆಗೆ ಬಂದಿಲ್ಲ. ಊರ ಜಾತ್ರೆಗೆ ಹೋಗಿ ಬರುತ್ತಾರೆ. ಮಗಳಿಗೆ ಜ್ವರ ಬಂದಾಗ "ನಿಮ್ಮ ಯೇಸಪ್ಪಗ ಹೇಳ್ರಿ" ಅಂದರು, ಅಲ್ಲೇ ನಿಂತು ಪ್ರಾರ್ಥಿಸಿದೆ. ನಮ್ಮ ಟೀ ನಡೀತಾ ಇದೆ. ಉಳಿದದ್ದು ಕರ್ತನ ಕೈಯಲ್ಲಿದೆ.

ಈ ವಾರ ನಿಮಗೊಂದು ಕೆಲಸ. ನಿಮ್ಮ ಪಿಜಿಯಲ್ಲಿ ಅಡುಗೆ ಮಾಡುವ ಅಕ್ಕ, ಆಫೀಸಿನ ಮ್ಯಾನೇಜರ್, ಪಾರ್ಸೆಲ್ ತರುವ ಹುಡುಗ, ದೇವರೇ ಇಲ್ಲ ಅನ್ನುವ ಗೆಳೆಯ: ಇವರಲ್ಲಿ ಒಬ್ಬರ ಹೆಸರು ಹಿಡಿದು ದಿನಾ ಪ್ರಾರ್ಥಿಸಿ. ಹೆಸರು ಗೊತ್ತಿಲ್ಲದಿದ್ದರೆ ಅಲ್ಲಿಂದಲೇ ಶುರು ಮಾಡಿ. ಮೊದಲು ಅವರ ಕಥೆ ಕೇಳಿ. ಅವರು ಕೇಳಿದಾಗ ಯೇಸು ನಿಮಗೆ ಮಾಡಿದ್ದನ್ನು ನಾಚಿಕೊಳ್ಳದೆ ಹೇಳಿ.

ಪ್ರಾರ್ಥಿಸೋಣ. ಕರ್ತನೇ, ನಾವು ನೋಡದೆ ದಾಟಿಹೋದವರಿಗಾಗಿ ನಮ್ಮನ್ನು ಕ್ಷಮಿಸು. ನಮ್ಮ ಕಣ್ಣು ತೆರೆ, ಕಿವಿ ತೆರೆ, ಆಮೇಲೆ ನಮ್ಮ ಬಾಯಿ ತೆರೆ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.