ವಾಯಿದೆಯ ಧರ್ಮ

ಹುಟ್ಟಿದ ಮಾತ್ರಕ್ಕೇ ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳ ಭಾರವನ್ನು ಹೊತ್ತು ಬರುತ್ತಾನೆಂದ ನಮ್ಮ ಪ್ರಾಚೀನರು, ಆ ಋಣವನ್ನು ಸಲ್ಲಿಸತಕ್ಕ ದಿನವನ್ನು ನಿಶ್ಚಯಿಸುವುದರಲ್ಲಿಯೂ ಅಷ್ಟೇ ಎಚ್ಚರ ವಹಿಸಿದರು. ತಿಥಿಯು ನಡುಹಗಲಿನಲ್ಲಿ ಮೊದಲಾಗಬಹುದು, ಎರಡು ಸೂರ್ಯೋದಯಗಳನ್ನು ವ್ಯಾಪಿಸಬಹುದು, ಒಂದನ್ನೂ ಮುಟ್ಟದೆ ಕ್ಷಯವಾಗಬಹುದು; ಆದುದರಿಂದಲೇ ತಂದೆಯ ಶ್ರಾದ್ಧ ಯಾವ ದಿನವೆಂಬ ಸಂದೇಹವನ್ನು ಮಗನ ಹೆಗಲಿಗೆ ಬಿಡದೆ, ನಿರ್ಣಯಸಿಂಧು, ಧರ್ಮಸಿಂಧುಗಳಂತಹ ಗ್ರಂಥಗಳು ಅಪರಾಹ್ಣವ್ಯಾಪ್ತಿಯನ್ನು ನೋಡಿ ಅದನ್ನು ಗೊತ್ತುಮಾಡುವ ಕ್ರಮವನ್ನು ವಿಧಿಸಿದುವು; ಪಂಚಾಂಗವು ಯುಗಾದಿಯಂದೇ ವರ್ಷದ ದಿನಗಳನ್ನೆಲ್ಲ ಮುಂದಾಗಿ ತಿಳಿಸಿತು.

ದಿನವನ್ನು ನಿಯಮಿಸುವ ಅಧಿಕಾರವುಳ್ಳವನು ಅದನ್ನು ಬಿಡಿಸಿ ಹೇಳುವ ಋಣಕ್ಕೂ ಒಳಗಾಗುತ್ತಾನೆಂಬ ಈ ನ್ಯಾಯವು ಲೌಕಿಕ ಸಾಲಕ್ಕೂ ಸಲ್ಲಬೇಕೆಂದು ನನ್ನ ದೃಢವಾದ ಅಭಿಪ್ರಾಯ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯು ವಾಯಿದೆಯ ಪತ್ರಕ್ಕೆ ಅದರಲ್ಲಿ ಬರೆದ ಪಾವತಿಯ ದಿನದ ಮೇಲೆ ಮೂರು ದಿನಗಳ ಅವಕಾಶವನ್ನಿತ್ತು, ಹಾಗೆ ಬಂದ ದಿನವು ಸಾರ್ವಜನಿಕ ರಜೆಯಾದರೆ ಅದರ ಹಿಂದಿನ ಕೆಲಸದ ದಿನವೇ ಗಡುವೆನ್ನುತ್ತದೆ. 1897ರ ಜನರಲ್ ಕ್ಲಾಸಸ್ ಕಾಯಿದೆಯಾದರೋ, ಕೋರ್ಟು ಕಚೇರಿಗಳ ಬಾಗಿಲು ಕಡೆಯ ದಿನ ಮುಚ್ಚಿದ್ದರೆ, ತೆರೆದ ದಿನ ಮಾಡಿದ ಕಾರ್ಯವೂ ಸಕಾಲವೇ ಎನ್ನುತ್ತದೆ. ಒಂದು ಹಿಂದಕ್ಕೆಳೆಯುತ್ತದೆ, ಇನ್ನೊಂದು ಮುಂದಕ್ಕೆ ತಳ್ಳುತ್ತದೆ. ಎರಡನ್ನೂ ಮೊದಲೇ ಸಾರಿರುವುದರಿಂದ ಎರಡರಲ್ಲಿಯೂ ನನಗೆ ಅನ್ಯಾಯ ಕಾಣದು. ತನ್ನನ್ನು ಆಳುವ ನಿಯಮವು ಸಾಲಗಾರನಿಗೆ ದಂಡ ಬಿದ್ದ ಮೇಲೆ ತಿಳಿಯುವುದಾದರೆ, ಅದು ಅನ್ಯಾಯ.

ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರು ಕ್ರೆಡಿಟ್ ಕಾರ್ಡಿನ ಬಿಲ್ಲಿಗೆ ಗಡುವಿನ ದಿನವಾದ ಶನಿವಾರದಂದೇ ಚೆಕ್ಕು ಹಾಕಿದರು, ಹಣ ಲೆಕ್ಕಕ್ಕೆ ಸೇರಿದ್ದು ಬುಧವಾರ, ದಂಡ ಬಿತ್ತು. "ಕೊಟ್ಟ ದಿನ ಲೆಕ್ಕವೋ, ಸೇರಿದ ದಿನ ಲೆಕ್ಕವೋ, ಮೊದಲೇ ಹೇಳಬಾರದಿತ್ತೆ ಸ್ವಾಮಿ?" ಎಂದು ಅವರು ನನ್ನನ್ನು ಕೇಳಿದಾಗ, ಜೀವಮಾನದಲ್ಲಿ ಒಬ್ಬರ ಸಾಲವನ್ನೂ ಉಳಿಸಿಕೊಳ್ಳದವರು ತಪ್ಪಿತಸ್ಥರೆನಿಸಿಕೊಂಡ ನೋವು ಆ ದನಿಯಲ್ಲಿತ್ತು. ಗಡುವು ಮೀರಿ ಮೂರು ದಿನ ಕಳೆಯುವವರೆಗೆ ದಂಡಶುಲ್ಕ ಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿರ್ದೇಶಿಸಿರುವುದು ದೊಡ್ಡ ಉಪಕಾರ. ಆದರೆ ಆ ಮೂರು ದಿನ ದಾಟಿತೆಂದರೆ ಎಣಿಕೆಯು ಗಡುವಿನ ದಿನದಿಂದಲೇ ಮೊದಲಾಗುತ್ತದೆಂಬುದನ್ನು ಎಷ್ಟು ಮಂದಿ ಬಲ್ಲರು?

ಬ್ಯಾಂಕುಗಳ ಆಡಳಿತವರ್ಗದವರಲ್ಲಿ ನನ್ನ ಬಿನ್ನಹವಿಷ್ಟೆ: ಹಣವು ಯಾವ ದಿನ ಎಷ್ಟು ಗಂಟೆಯೊಳಗೆ ಲೆಕ್ಕಕ್ಕೆ ಸೇರಬೇಕು, ಆ ದಿನ ರಜೆಯಾದರೆ ಗತಿಯೇನು ಎಂಬುದನ್ನು, ಬಿಲ್ಲಿನ ಮೊದಲ ಪುಟದಲ್ಲಿಯೇ, ಕನ್ನಡ ಓದುವವರಿಗೆ ಕನ್ನಡದಲ್ಲಿ, ದಪ್ಪಕ್ಷರಗಳಲ್ಲಿ ಅಚ್ಚುಹಾಕಿಸಿರಿ.